ತೆರೆಯದ ಸೀಸೆ

"ಇಲ್ಲಿ ನೋಡಿ," ಎಂದು ಸರ್ಜನ್ ಪರದೆಯ ಮೇಲಿನ ಎಕ್ಸರೇಗೆ ಕೆಂಪು ಬೆಳಕಿನ ಚುಕ್ಕಿಯನ್ನು ತಾಗಿಸಿದರು. "ಹದಿಮೂರು ತಿಂಗಳು ಕೂಡದೆ ಬಿದ್ದಿದ್ದ ಮೊಣಕಾಲಿನ ಕೆಳಗಿನ ಮೂಳೆ ಇದು. ಈಗ ಬಿರುಕು ಎಲ್ಲಿದೆ ಅಂತ ಯಾರಾದ್ರೂ ಎದ್ದು ಬಂದು ತೋರಿಸಲಿ. ತೋರಿಸಿದವರಿಗೆ ನನ್ನ ಕುರ್ಚಿ ಬಿಟ್ಟುಕೊಡ್ತೀನಿ."

ಸಭೆ ನಕ್ಕಿತು. ಎಲ್ಲಿ ನಗಬೇಕೆಂಬುದು ಅವರ ಕೈಕೆಳಗಿನ ಡಾಕ್ಟರುಗಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಕೊನೆಯ ಸಾಲಿನಲ್ಲಿ ಆಪರೇಷನ್ ಥಿಯೇಟರಿನ ಹಿರಿಯ ನರ್ಸ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಖಾಲಿ ಕುರ್ಚಿಗಳು ಫೋಟೋದಲ್ಲಿ ಕಾಣಬಾರದೆಂದು ಡ್ಯೂಟಿ ಮುಗಿದವರನ್ನೆಲ್ಲ ಹಿಡಿದು ತಂದು ಕೂರಿಸಿದ್ದರು. ಅವಳಿಗೆ ಐವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತಾರನ್ನು ಅವಳು ಇದೇ ಮನುಷ್ಯನ ಬಲಗಡೆ ನಿಂತು, ಕೇಳುವ ಮೊದಲೇ ಉಳಿ, ಸುತ್ತಿಗೆ, ಕತ್ತರಿಗಳನ್ನು ಕೈಗಿಡುತ್ತ ಕಳೆದಿದ್ದಳು. ಒಂದು ದಿನವೂ ಆ ಕೈ ತಿರುಗಿ ಅವಳ ಕಡೆ ನೋಡಿರಲಿಲ್ಲ; ಕೈಗೆ ಕಣ್ಣಿರುವುದಿಲ್ಲ, ಸರಿ, ಕಣ್ಣಿದ್ದ ಮುಖವೂ ನೋಡಿರಲಿಲ್ಲ.

"ಮೂಳೆ ಮುರಿದಾಗ ದೇಹ ಒಂದು ಕೂಗು ಹಾಕುತ್ತೆ," ಸರ್ಜನ್ ಮುಂದುವರಿಸಿದರು. "ಅಕ್ಕಪಕ್ಕ ಸುಮ್ಮನೆ ಕೂತಿರೋ ಜೀವಕೋಶಗಳು ಆ ಕೂಗು ಕೇಳಿ ಎದ್ದು ಬಂದು ಮೂಳೆ ಕಟ್ಟೋಕೆ ಶುರು ಮಾಡ್ತವೆ. ಗ್ರೋತ್ ಫ್ಯಾಕ್ಟರ್ ಅಂದ್ರೆ ಆ ಕೂಗು, ಅಷ್ಟೇ. ಈ ರೋಗಿ ಸಿಗರೇಟು ಸೇದಿ ಸೇದಿ ಅವನ ದೇಹಕ್ಕೆ ಕೂಗೋ ಶಕ್ತಿ ಉಳಿದಿರಲಿಲ್ಲ. ನಾನು ಅವನ ಪರವಾಗಿ ಕೂಗಿದೆ."

ಚಪ್ಪಾಳೆ ಬಿತ್ತು. ಥಿಯೇಟರಿನ ನರ್ಸುಗಳು ತಮ್ಮತಮ್ಮಲ್ಲೇ ಅವರನ್ನು ಮೈಕಾಸುರ ಎಂದು ಕರೆಯುತ್ತಿದ್ದರು. ಮೈಕು ಕೈಗೆ ಸಿಕ್ಕರೆ ವಧೆ ಖಚಿತ. ಹಿರಿಯ ನರ್ಸ್ ಕೂಡ ಚಪ್ಪಾಳೆ ತಟ್ಟಿದಳು. ತಟ್ಟುತ್ತ ತುಟಿಯನ್ನು ಒಳಗಿನಿಂದ ಕಚ್ಚಿಕೊಂಡಳು, ಇಲ್ಲದಿದ್ದರೆ ನಗು ಹೊರಗೆ ಬೀಳುತ್ತಿತ್ತು. ಆ ಕಾಲಿಗೆ ಅವತ್ತು ಹಾಕಿದ್ದು ಬರೀ ನೀರು. ಇಡೀ ಸಭೆಯಲ್ಲಿ ಇದು ಗೊತ್ತಿದ್ದದ್ದು ಅವಳೊಬ್ಬಳಿಗೆ.

ಆಪರೇಷನ್ ನಡೆದು ಎಂಟು ತಿಂಗಳಾಗಿತ್ತು. ರೋಗಿ ಲಾರಿ ಡ್ರೈವರ್. ವಾರ್ಡಿನಲ್ಲಿ ಅವನಿಗೆ ಹೊಗೆಬಂಡಿ ಎಂದು ಹೆಸರಿಟ್ಟಿದ್ದರು. ಊರುಗೋಲು ಹಿಡಿದು ಕುಂಟುತ್ತ ಮೂರು ಮಹಡಿ ಇಳಿದು, ಹಿಂಬಾಗಿಲ ಬಳಿ ಒಂದು ಸಿಗರೇಟು ಮುಗಿಸಿ, ಮತ್ತೆ ಮೂರು ಮಹಡಿ ಹತ್ತುತ್ತಿದ್ದ. "ಇದಕ್ಕಿಂತ ಒಳ್ಳೆ ವ್ಯಾಯಾಮ ಯಾವುದಿದೆ ಹೇಳಿ," ಎನ್ನುತ್ತಿದ್ದ. ಸರ್ಜನ್ನರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ರೌಂಡ್ಸಿಗೆ ಬಂದಾಗ ಅವನ ಮುಖ ನೋಡದೆ ಕಾಲಿನ ಜೊತೆ ಮಾತಾಡಿ ಹೋಗುತ್ತಿದ್ದರು.

ಮೂಳೆ ಬೆಳೆಸುವ ಹೊಸ ಪ್ರೋಟೀನು ಆಸ್ಪತ್ರೆಗೆ ಮೊದಲ ಬಾರಿ ಬಂದದ್ದು ಆ ಕಾಲಿಗಾಗಿ. ಬೆರಳುದ್ದದ ಸೀಸೆಯಲ್ಲಿ ಬಿಳಿ ಪುಡಿ. ಅದನ್ನು ಶುದ್ಧ ನೀರಿನಲ್ಲಿ ಕರಗಿಸಿ, ಅಂಗೈಯಗಲದ ಒಂದು ಸ್ಪಂಜಿಗೆ ಹನಿಹನಿಯಾಗಿ ಕುಡಿಸಿ, ಕಾಲು ಗಂಟೆ ಬಿಟ್ಟು, ಮುರಿದ ಜಾಗಕ್ಕೆ ಸುತ್ತಬೇಕು. ಸ್ಪಂಜೂ ನೀರೂ ಕಪಾಟಿನಲ್ಲಿದ್ದವು, ಪುಡಿಯ ಸೀಸೆ ಫ್ರಿಜ್ಜಿನಲ್ಲಿತ್ತು.

ಅವತ್ತು ಥಿಯೇಟರಿನಲ್ಲಿ ಆ ಪ್ರೋಟೀನಿನ ಕಂಪನಿಯ ಪ್ರತಿನಿಧಿಯೊಬ್ಬ ಕೈಕಟ್ಟಿ ನಿಂತಿದ್ದ. ನೋಡುವವರಿದ್ದರೆ ಸರ್ಜನ್ನರ ಬಾಯಿಗೆ ಬಲ ಬರುತ್ತಿತ್ತು. ಮೊದಲು ಮುರಿದಾಗ ಹಾಕಿದ್ದ ಹಳೆಯ ಉಕ್ಕಿನ ಸರಳು ಮೂಳೆಯೊಳಗಿಂದ ಸುಲಭಕ್ಕೆ ಹೊರಬರಲಿಲ್ಲ. ಆ ಸಿಟ್ಟು ನರ್ಸಿನ ಮೇಲೆ ಹರಿಯಿತು.

"ಇದೇನಮ್ಮ, ಸುತ್ತಿಗೆ ಕೇಳಿದ್ರೆ ಆಟದ ಸಾಮಾನು ಕೊಡ್ತೀಯ? ಇಪ್ಪತ್ತೈದು ವರ್ಷದಿಂದ ನಿಂತಿದ್ದಾಳೆ ನೋಡಿ, ಇವರೇ. ಮರ ನೆಟ್ಟಿದ್ರೆ ನೆರಳಾದ್ರೂ ಸಿಗ್ತಿತ್ತು."

ಪ್ರತಿನಿಧಿ ನಗುತ್ತಾನೋ ಇಲ್ಲವೋ ಎಂಬಂತೆ ನಕ್ಕ. ಅವಳು ದೊಡ್ಡ ಸುತ್ತಿಗೆ ಕೊಟ್ಟಳು. ಮುಖ ಬಿಸಿಯಾಗಿ, ಮಾಸ್ಕಿನೊಳಗೆ ಉಸಿರು ಉಪ್ಪುಪ್ಪಾಗಿತ್ತು. "ಸ್ಪಂಜು ರೆಡಿ ಮಾಡು, ಬೇಗ," ಎಂದದ್ದು ಕೇಳಿಸಿತು. ಕೈಗಳು ತಮ್ಮಷ್ಟಕ್ಕೆ ಸಿರಿಂಜಿಗೆ ನೀರು ಎಳೆದುಕೊಂಡವು, ಸ್ಪಂಜಿಗೆ ಹನಿಹನಿಯಾಗಿ ಕುಡಿಸಿದವು, ಕಣ್ಣು ಗೋಡೆಯ ಗಡಿಯಾರದಲ್ಲಿ ಕಾಲು ಗಂಟೆ ನೋಡಿತು. ಆ ಹೊತ್ತಿಗೆ ಸರ್ಜನ್ ಮೂಳೆಯ ಒಳಗನ್ನು ಕೊರೆದು ಅಗಲ ಮಾಡಿ, ದಪ್ಪನೆಯ ಹೊಸ ಸರಳು ಹೊಡೆದು, ಸತ್ತ ತುದಿಗಳನ್ನು ರಕ್ತ ಕಾಣುವ ತನಕ ಕೆರೆದಿದ್ದರು. ಒಳ್ಳೆಯ ಕೆಲಸ. ಬಾಯಿ ಮುಚ್ಚಿಕೊಂಡು ಮಾಡಿದ್ದರೆ ಇನ್ನೂ ಒಳ್ಳೆಯ ಕೆಲಸ. ಸ್ಪಂಜು ಸುತ್ತಿದರು, ಹೊಲಿಗೆ ಹಾಕತೊಡಗಿದರು.

ಉಳಿದ ಆ್ಯಂಟಿಬಯಾಟಿಕ್ ಇಡಲು ಫ್ರಿಜ್ಜು ತೆಗೆದಾಗ ಸೀಸೆ ಕಂಡಿತು. ಮುಚ್ಚಳದ ಸೀಲು ಹಾಗೇ ಇತ್ತು. ಹೊಗೆಬಂಡಿಯ ಹಾಸಿಗೆ ನಂಬರು ಬರೆದ ಔಷಧಿ ಅಂಗಡಿಯ ಚೀಟಿಯೂ ಹಾಗೇ ಇತ್ತು. ಅವಳು ಫ್ರಿಜ್ಜಿನ ಬಾಗಿಲು ಹಾಕಿ ಮೇಜಿನ ಬಳಿಗೆ ಬಂದಳು.

"ಸಾರ್," ಎಂದಳು. "ಒಂದು ಮಾತು ಸಾರ್."

"ಮಾತಾಡೋಕೆ ನಾನಿದ್ದೀನಿ," ಎಂದರು ಸರ್ಜನ್, ಪ್ರತಿನಿಧಿಯ ಕಡೆ ಕಣ್ಣು ಮಿಟುಕಿಸಿ. "ನೀನು ಹತ್ತಿ ಲೆಕ್ಕ ಹಾಕು."

ಅವಳು ಹತ್ತಿ ಲೆಕ್ಕ ಹಾಕಿದಳು; ಗಾಯದೊಳಗೆ ಒಂದೂ ಉಳಿದಿರಲಿಲ್ಲ. ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಲಾಕರಿನಲ್ಲಿ, ಹಳೆಯ ಚಪ್ಪಲಿಯ ಹಿಂದೆ ಇಟ್ಟಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಹೇಳಲಿಲ್ಲ. ಒಂದು ತಿಂಗಳು ಅನ್ನ ಸೇರಲಿಲ್ಲ. ಹೊಗೆಬಂಡಿ ಎಕ್ಸರೇಗೆ ಬಂದಾಗಲೆಲ್ಲ ಎಕ್ಸರೇ ಕೋಣೆಯ ಹೊರಗೆ ಏನೋ ಕೆಲಸವಿದ್ದವಳಂತೆ ಸುಳಿದಾಡುತ್ತಿದ್ದಳು. ಮೂರನೆಯ ತಿಂಗಳು ಬಿರುಕಿನ ಅಂಚಿನಲ್ಲಿ ಮಂಜಿನಂತೆ ಏನೋ ಕಾಣಿಸಿತು. ಐದನೆಯ ತಿಂಗಳು ಮಂಜು ಗಟ್ಟಿಯಾಯಿತು. ಏಳನೆಯ ತಿಂಗಳು ಮೂಳೆ ಕೂಡಿತ್ತು.

ಭಯ ಹೋದ ಜಾಗದಲ್ಲಿ ಬೇರೆಯದು ಬಂದು ಕೂತಿತು. ಸರ್ಜನ್ ಕಾರಿಡಾರಿನಲ್ಲಿ ಎದೆಯೆತ್ತಿ ನಡೆಯುವಾಗ, ಆ ಎಕ್ಸರೇಯನ್ನು ಕಂಡಕಂಡವರಿಗೆ ತೋರಿಸುವಾಗ, ಪತ್ರಿಕೆಗೆ ಲೇಖನ ಬರೆಯುತ್ತಿದ್ದೇನೆಂದು ಹೇಳಿಕೊಳ್ಳುವಾಗ, ಅವಳು ಆ ಗುಟ್ಟನ್ನು ಸಕ್ಕರೆ ಹರಳಿನಂತೆ ಕೆನ್ನೆಯೊಳಗೆ ಹೊರಳಿಸಿಕೊಳ್ಳುತ್ತಿದ್ದಳು. ನೀರಪ್ಪ, ನೀರು. ಕೂಗಿದ್ದು ನೀನಲ್ಲ. ಇಪ್ಪತ್ತಾರು ವರ್ಷ ಬೈಸಿಕೊಂಡದ್ದಕ್ಕೆ ಇಷ್ಟು ರುಚಿಯಾದ ಸಂಬಳ ಅವಳಿಗೆ ಎಂದೂ ಸಿಕ್ಕಿರಲಿಲ್ಲ.

ಭಾಷಣದ ಮರುವಾರ ಈಜು ಟೀಚರ್ ಬಂದಳು.

ನಲವತ್ತರ ಆಸುಪಾಸಿನ ಹೆಂಗಸು. ಅಗಲವಾದ ಭುಜ, ಕ್ಲೋರಿನ್ನಿಗೆ ಬಣ್ಣ ಕಳೆದುಕೊಂಡ ಮೋಟುಗೂದಲು, ನೀರಿನಾಚೆಗೂ ಕೇಳಿಸುವಂಥ ಗಂಟಲು. ಮೂರು ವರ್ಷದ ಹಿಂದೆ ಎಡಗಾಲಿನ ಮೀನಖಂಡದಲ್ಲಿ ಗೆಡ್ಡೆಯೆದ್ದು, ಕ್ಯಾನ್ಸರಿನದೆಂದು ತಿಳಿದು, ಕೊಯ್ದು ತೆಗೆದು, ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟಿದ್ದರು. ಗೆಡ್ಡೆ ಹೋಯಿತು, ಕರೆಂಟಿಗೆ ಪಕ್ಕದ ಮೂಳೆ ಸೊರಗಿತು. ಕೊಳದ ಮೆಟ್ಟಿಲಲ್ಲಿ ಒಂದು ಸಣ್ಣ ಜಾರಿಕೆ. ಮುರಿದ ಮೂಳೆ ವರ್ಷವಾದರೂ ಕೂಡಿರಲಿಲ್ಲ.

"ನೀರಲ್ಲಿ ನಾನು ಚೆನ್ನಾಗೇ ಇದ್ದೀನಿ ಡಾಕ್ಟರೇ," ಎಂದಳು. "ನೆಲದ ಮೇಲೇ ಕಷ್ಟ. ಮಕ್ಕಳು ಮುಳುಗಿದ್ರೆ ದಡದಲ್ಲಿ ಓಡೋಕಾಗಲ್ಲ. ಓಡೋಕಾಗದವಳನ್ನ ಯಾರು ಇಟ್ಕೋತಾರೆ?"

ಸರ್ಜನ್ ಅವಳ ಎಕ್ಸರೇಯನ್ನು ಬೆಳಕಿಗೆ ಹಿಡಿದರು. ಅವರ ಮುಖ ಹಸಿದವನ ಮುಂದೆ ತಟ್ಟೆಯಿಟ್ಟಂತೆ ಅರಳಿತು.

"ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ," ಎಂದರು. ಮೇಜಿನ ಮೇಲೆ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದ ಹೊಗೆಬಂಡಿಯ ಎಕ್ಸರೇಯನ್ನು ಅವಳ ಕಡೆ ತಿರುಗಿಸಿದರು. "ಇದು ನೋಡಿ. ನಿಮ್ಮದಕ್ಕಿಂತ ಹಟಮಾರಿ ಮೂಳೆ. ಎರಡು ವಾರದಲ್ಲಿ ಆಪರೇಷನ್, ಮುಂದಿನ ಬೇಸಿಗೆಗೆ ನಿಮ್ಮ ಓಟ."

ಆಪರೇಷನ್ ಪಟ್ಟಿ ಬರೆದುಕೊಳ್ಳಲು ಬಂದಿದ್ದ ಹಿರಿಯ ನರ್ಸ್ ಬಾಗಿಲ ಬಳಿ ನಿಂತಿದ್ದಳು. ಅವಳ ಕೆನ್ನೆಯೊಳಗಿನ ಸಕ್ಕರೆ ಹರಳು ಅಲ್ಲೇ ಕಲ್ಲಾಯಿತು. ಆ ಔಷಧಿಯ ಪೆಟ್ಟಿಗೆಯಲ್ಲಿ ಮಡಿಸಿಟ್ಟಿರುವ ಕಾಗದವನ್ನು ಆಸ್ಪತ್ರೆಯಲ್ಲಿ ಪೂರ್ತಿ ಓದಿದವಳು ಬಹುಶಃ ಅವಳೊಬ್ಬಳೇ. ಭಯದ ಆ ಒಂದು ತಿಂಗಳಲ್ಲಿ ಹತ್ತು ಸಲ ಓದಿದ್ದಳು. ಗೆಡ್ಡೆಯಿದ್ದ, ಅಥವಾ ಗೆಡ್ಡೆ ತೆಗೆದ ಜಾಗದ ಬಳಿ ಬಳಸಕೂಡದು ಎಂದು ದಪ್ಪಕ್ಷರದಲ್ಲಿತ್ತು.

ಈಜು ಟೀಚರ್ ಹೋದ ಮೇಲೆ, ಕಿರಿಯ ಡಾಕ್ಟರನೊಬ್ಬ ಅದನ್ನೇ ಮೆಲ್ಲಗೆ ಎತ್ತಿದ. "ಸಾರ್, ಗೆಡ್ಡೆ ಇದ್ದ ಕಾಲು... ಕಾಗದದಲ್ಲಿ ಬೇಡ ಅಂತ..."

"ಕಾಗದ ಬರೆಯೋದು ವಕೀಲರು ಕಣಯ್ಯಾ, ಡಾಕ್ಟರಲ್ಲ. ನಾನು ಕಣ್ಣಾರೆ ನೋಡಿದ್ದೀನಿ. ಕೊಳೆತ ಮರದಂಥ ಮೂಳೆ ಏಳು ತಿಂಗಳಲ್ಲಿ ಕಬ್ಬಿಣವಾಯ್ತು. ಇದನ್ನ ನೋಡಿದ ಮೇಲೂ ಕಾಗದ ನಂಬು ಅಂತೀಯಾ?"

ಕಿರಿಯ ಡಾಕ್ಟರ್ ತಲೆಯಾಡಿಸಿದ. ಅವನ ತಲೆ ಆ ಒಂದು ಕಡೆಗೆ ಮಾತ್ರ ಆಡುತ್ತಿತ್ತು.

ಆ ಸಂಜೆ ಅವಳು ಮನೆಗೆ ಬಂದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ತುದಿ ಬಿಚ್ಚುತ್ತಿದ್ದಳು. ಇಬ್ಬರೇ ಇದ್ದ ಮನೆ. ಅಕ್ಕನ ಬಾಯಲ್ಲಿ ಸದಾ ಎರಡು ಗುಂಡುಸೂಜಿ. ಅವುಗಳ ನಡುವೆಯೇ ಮಾತು ಹೊರಬರುತ್ತಿತ್ತು, ಸೂಜಿಗಿಂತ ಮೊಂಡಾಗಿ ಎಂದೂ ಬಂದದ್ದಿಲ್ಲ. ಸೀಸೆಯ ಕಥೆಯನ್ನು ತಂಗಿ ಅಕ್ಕನಿಗೆ ಏಳನೆಯ ತಿಂಗಳಲ್ಲೇ ಹೇಳಿದ್ದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಈಗ ಉಳಿದದ್ದನ್ನೂ ಹೇಳಿದಳು.

ಅಕ್ಕ ನಗಲಿಲ್ಲ. "ಆ ಪುಡಿ ಹಾಕಿದ್ರೆ ಏನಾಗುತ್ತೆ?"

"ಏನೂ ಆಗದೇ ಇರಬಹುದು. ಅದರ ಕೂಗಿಗೆ ಮೂಳೆ ಏಳುತ್ತೆ ಅಂತ ಅವನೇ ಭಾಷಣ ಮಾಡಿದ್ನಲ್ಲ. ಮೂಳೆ ಮಾತ್ರ ಎದ್ರೆ ಸರಿ. ಎಲ್ಲೋ ಒಂದು ಚೂರು ಗೆಡ್ಡೆ ಮಲಗಿದ್ದು, ಅದೂ ಎದ್ದು ಕೂತ್ರೆ?"

"ಅವನಿಗೆ ಹೇಳಿದ್ಯಾ?"

"ನಾನು ಹೇಳಿದ್ರೆ ಕೇಳೋ ಜನ್ಮಾನಾ ಅದು? ಅಷ್ಟು ದುರಹಂಕಾರ. ತಾನು ಮುಟ್ಟಿದ್ದೆಲ್ಲ ಚಿನ್ನ ಅನ್ಕೊಂಡಿದ್ದಾನೆ ಮೂರ್ಖ."

ಅಕ್ಕ ಬಾಯಿಂದ ಸೂಜಿಗಳನ್ನು ತೆಗೆದು ದಿಂಬಿಗೆ ಚುಚ್ಚಿದಳು. ಅದು ಅಪರೂಪ.

"ಅವನು ಮೂರ್ಖಾನೇ ಇರಲಿ. ಆದ್ರೆ ಆ ಎಕ್ಸರೇ ನೋಡಿ ನಂಬಿದ್ದಾನೆ. ನಂಬೋ ಹಾಗೆ ಮಾಡಿದ್ದು ಯಾರು? ಇಷ್ಟು ದಿನ ಹೊಟ್ಟೆಯೊಳಗೇ ನಕ್ಕಿದ್ದು ಯಾರು?"

"ನೀನೂ ನಕ್ಕೆ."

"ನಕ್ಕೆ. ಅದಕ್ಕೆ ನನಗೂ ಅಸಹ್ಯ ಆಗ್ತಿದೆ. ಹೊಟ್ಟೆಯೊಳಗೆ ನಗೋಕೆ ಧೈರ್ಯ ಬೇಡ ಕಣೇ. ಹೇಡಿಗಳಿಗೆ ಅಂತ್ಲೇ ಇರೋ ನಗು ಅದು. ಅವನ ಮೇಲೆ ಅಷ್ಟು ಅಸಡ್ಡೆ ಇಟ್ಕೊಂಡಿದ್ದೀಯಲ್ಲ, ಅದರಲ್ಲಿ ಕಾಲುಭಾಗ ನಿನ್ನ ಮೇಲೂ ಇಟ್ಕೋ, ಸರಿಹೋಗುತ್ತೆ."

"ಕೆಲಸ ಹೋಗುತ್ತೆ ಅಕ್ಕ."

"ಹೋದ್ರೆ ಗುಂಡಿ ಹಾಕೋದು ಕಲಿಸ್ತೀನಿ. ನಿನ್ನ ಕೈಗೆ ಅದಾದ್ರೂ ಬರುತ್ತೋ ನೋಡೋಣ."

ಮರುದಿನ ಮಧ್ಯಾಹ್ನ ಅವಳು ಸರ್ಜನ್ನರ ಕೋಣೆಗೆ ಹೋದಳು. ಅವರು ಕನ್ನಡಕ ಹಣೆಗೇರಿಸಿಕೊಂಡು ತಮ್ಮ ಲೇಖನವನ್ನೇ ಓದಿಕೊಳ್ಳುತ್ತಿದ್ದರು, ಓದುತ್ತ ಅಲ್ಲಲ್ಲಿ ಒಪ್ಪಿಗೆಯಿಂದ ತಲೆದೂಗುತ್ತಿದ್ದರು. ಅವಳು ಬಟ್ಟೆ ಬಿಚ್ಚಿ ಸೀಸೆಯನ್ನು ಕಾಗದದ ಮೇಲೆ ಇಟ್ಟಳು.

"ಏನಿದು?"

"ಡ್ರೈವರ್ ಕಾಲಿಗೆ ಹಾಕಬೇಕಾಗಿದ್ದ ಪುಡಿ ಸಾರ್. ಹಾಕಲಿಲ್ಲ. ಸ್ಪಂಜಿಗೆ ಬರೀ ನೀರು ಕುಡಿಸಿದ್ದೆ. ತಪ್ಪು ನನ್ನದು."

ಸರ್ಜನ್ ಮೊದಲು ನಕ್ಕರು. ಆಮೇಲೆ ಸೀಸೆಯನ್ನು ಎತ್ತಿ ಚೀಟಿ ಓದಿದರು. ಹಾಸಿಗೆ ನಂಬರು ಓದಿದರು, ತಾರೀಕು ಓದಿದರು. ಮುಚ್ಚಳದ ಸೀಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಅದು ಸುಳ್ಳು ಹೇಳುತ್ತಿರಬಹುದು ಎಂಬಂತೆ. ಕನ್ನಡಕ ತಾನಾಗಿ ಜಾರಿ ಮೂಗಿನ ಮೇಲೆ ಕೂತಿತು.

"ಯಾರಿಗೆ ಹೇಳಿದ್ದೀಯ?" ಎಂದರು.

ಇಪ್ಪತ್ತಾರು ವರ್ಷದ ಪರಿಚಯದಲ್ಲಿ ಅವಳು ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿರಲಿಲ್ಲ. ಆದರೂ ಬಾಯಿ ಕಹಿಯಾಯಿತು. ಆ ಕಾಲು ಹೇಗಿದೆ ಎಂದಲ್ಲ, ಈಗ ಏನು ಮಾಡೋಣ ಎಂದಲ್ಲ. ಯಾರಿಗೆ ಹೇಳಿದ್ದೀಯ.

"ಆಸ್ಪತ್ರೆಯಲ್ಲಿ ಯಾರಿಗೂ ಇಲ್ಲ."

"ನಿನ್ನಂಥವಳ ಕೈಗೆ..." ಎಂದು ಶುರು ಮಾಡಿದವರು ಎದ್ದು ಬಾಗಿಲು ಹಾಕಿ ಬಂದರು. "ಒಂದು ಸೀಸೆ ತೆಗೆಯೋ ಕೆಲಸ. ಒಂದೇ ಒಂದು. ಎಂಟು ತಿಂಗಳು ಬಾಯಿಗೆ ಏನು ತುರುಕಿಕೊಂಡಿದ್ದೆ? ನಾನು ಆರು ಸಭೆಯಲ್ಲಿ ಭಾಷಣ ಮಾಡಿದ್ದೀನಿ!"

"ಗೊತ್ತು ಸಾರ್. ಎರಡಕ್ಕೆ ನನ್ನನ್ನೂ ಕೂರಿಸಿದ್ರಿ."

"ನಿನ್ನ ಲೈಸೆನ್ಸು ಕಿತ್ತುಹಾಕಿಸ್ತೀನಿ."

"ಕಿತ್ತುಹಾಕಿಸಿ. ಅದಕ್ಕೂ ಮೊದಲು ಈಜು ಟೀಚರ್ ಕಾಲಿಗೆ ಇದನ್ನ ಹಾಕಲ್ಲ ಅಂತ ಹೇಳಿ. ನೀವು ಹಾಕೋಕೆ ಹೊರಟಿರೋದು ಒಂದು ಕಾಲು ಕೂಡಿತು ಅನ್ನೋ ನಂಬಿಕೆ ಮೇಲೆ. ಆ ಕಾಲು ಕೂಡಿದ್ದು ಇದರಿಂದ ಅಲ್ಲ. ನೀವು ಕೊರೆದಿದ್ದಕ್ಕೆ, ಕೆರೆದಿದ್ದಕ್ಕೆ, ದಪ್ಪ ಸರಳು ಹೊಡೆದಿದ್ದಕ್ಕೆ ಕೂಡಿತು. ನಾನು ಪಕ್ಕದಲ್ಲೇ ನಿಂತು ನೋಡಿದ್ದೀನಿ. ಚೆನ್ನಾಗಿ ಮಾಡಿದ್ರಿ ಸಾರ್."

ಕೊನೆಯ ಮಾತನ್ನು ಚುಚ್ಚಬೇಕೆಂದೇ ಆಡಿದ್ದಳು. ಅದು ಚುಚ್ಚಲಿಲ್ಲ. ಸರ್ಜನ್ ಕುರ್ಚಿಯಲ್ಲಿ ಕುಸಿದು ಕೂತು, ಚೌಕಟ್ಟಿನೊಳಗಿನ ಎಕ್ಸರೇಯನ್ನು ಕೈಗೆತ್ತಿಕೊಂಡು ನೋಡಿದರು. "ನಾನು ಇದನ್ನ ನಂಬಿದ್ದೆ ಕಣಮ್ಮ," ಎಂದರು, ಮೈಕಿಲ್ಲದ ದನಿಯಲ್ಲಿ. "ನಿಜವಾಗ್ಲೂ ನಂಬಿದ್ದೆ."

ಈ ಮನುಷ್ಯ ಮೋಸಗಾರನಾಗಿದ್ದರೆ ಎಷ್ಟು ಸಲೀಸಾಗಿತ್ತು. ಅವನು ಬರೀ ದಡ್ಡ. ಈ ಕೋಣೆಯಲ್ಲಿ ಮೋಸ ಮಾಡಿದವರು ಯಾರೆಂದು ಎಣಿಸಿದರೆ ಬೆರಳು ಒಂದೇ ಮಡಚಬೇಕಿತ್ತು, ಅದು ಅವಳ ಕಡೆಗೇ ಮಡಚುತ್ತಿತ್ತು.

ಆ ಮೃದುತ್ವ ಹೆಚ್ಚು ಹೊತ್ತು ಉಳಿಯಲಿಲ್ಲ. ಸೀಸೆಯನ್ನು ಅವರು ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದರು. "ಹೋಗು," ಎಂದರು. "ಥಿಯೇಟರ್ ಡ್ಯೂಟಿ ಈ ತಿಂಗಳ ಕೊನೆಗೆ ಸಾಕು. ಪ್ಲಾಸ್ಟರ್ ರೂಮಿಗೆ ಹಾಕಿಸ್ತೀನಿ. ಅಲ್ಲಿ ನೀರೇ ಬೇಕಾಗೋದು."

ಅದು ಒಳ್ಳೆಯ ಚಟಾಕಿಯೇ ಆಗಿತ್ತು. ಹೊರಗೆ ಬಂದ ಮೇಲೆ ಅವಳು ಒಪ್ಪಿಕೊಳ್ಳಬೇಕಾಯಿತು.

ಎರಡು ದಿನ ಕಳೆದು ರೌಂಡ್ಸಿನಲ್ಲಿ ಸರ್ಜನ್, ಪರೀಕ್ಷೆಗಳಿಗೆಂದು ಅಡ್ಮಿಟ್ ಆಗಿದ್ದ ಈಜು ಟೀಚರಿನ ಹಾಸಿಗೆಯ ಬಳಿ ನಿಂತರು. ಸುತ್ತ ಕಿರಿಯ ಡಾಕ್ಟರುಗಳು.

"ನಿಮ್ಮ ವಿಷಯ ಬಹಳ ಯೋಚನೆ ಮಾಡಿದೆ," ಎಂದರು. "ಹೊಸ ಔಷಧಿ ಬೇಡ. ಗೆಡ್ಡೆ ಇದ್ದ ಜಾಗದಲ್ಲಿ ಅಂಥದನ್ನ ಹಾಕೋದು ಬೇಜವಾಬ್ದಾರಿ ಆಗುತ್ತೆ." ಕಿರಿಯ ಡಾಕ್ಟರನ ಕಡೆ ತಿರುಗಿ, "ಕಂಪನಿ ಕಾಗದವನ್ನ ಪೂರ್ತಿ ಓದೋ ಅಭ್ಯಾಸ ಮಾಡ್ಕೊಳ್ಳಯ್ಯಾ," ಎಂದರು.

ಕಿರಿಯ ಡಾಕ್ಟರ್ ತಲೆಯಾಡಿಸಿದ.

"ಮತ್ತೆ ಏನು ಹಾಕ್ತೀರಿ?" ಈಜು ಟೀಚರ್ ಕೇಳಿದಳು.

"ನಿಮ್ಮದೇ ಮೂಳೆ. ಸೊಂಟದ ಹತ್ತಿರ ಒಂದಿಷ್ಟು ತೆಗೆದು ಕಾಲಿಗೆ ತುಂಬ್ತೀನಿ. ಹಳೇ ಕಾಲದ ವಿಧಾನ. ಸೊಂಟ ಬಹಳ ನೋಯುತ್ತೆ, ಕಾಲಿಗಿಂತ ಜಾಸ್ತಿ. ಕೂಡುತ್ತೆ ಅಂತ ಬರೆದುಕೊಡೋಕೆ ಆಗಲ್ಲ. ಕರೆಂಟು ತಿಂದ ಮೂಳೆ."

"ಬೇಸಿಗೆಗೆ ಓಟ ಅಂದಿದ್ರಿ."

"ಅಂದಿದ್ದೆ," ಎಂದರು ಸರ್ಜನ್. ಮುಂದಿನ ಹಾಸಿಗೆಗೆ ನಡೆದರು.

ಈಜು ಟೀಚರ್ ಅವರ ಬೆನ್ನನ್ನೇ ನೋಡಿದಳು. ನಂತರ, ಆಪರೇಷನ್ ಪಟ್ಟಿ ಹಿಡಿದು ಹಿಂದುಳಿದಿದ್ದ ಹಿರಿಯ ನರ್ಸಿನ ಕಡೆ ತಿರುಗಿ, "ಈ ಮನುಷ್ಯ ಯಾವಾಗಲೂ ಹೀಗೇನಾ, ದಿನಕ್ಕೊಂದು ಮಾತು?" ಎಂದಳು.

"ಇವತ್ತಿನ ಮಾತು ನಿಜ," ಎಂದಳು ನರ್ಸ್. "ಇದನ್ನ ನಂಬಬಹುದು."

ಇನ್ನೊಂದು ಕೆಲಸ ಉಳಿದಿತ್ತು. ಹೊಗೆಬಂಡಿ ತಪಾಸಣೆಗೆ ಬಂದ ದಿನ ಅವಳು ಹಿಂಬಾಗಿಲಿಗೆ ಹೋದಳು. ಧೂಮಪಾನ ನಿಷೇಧದ ಬೋರ್ಡಿಗೆ ಒರಗಿಕೊಂಡು ಅವನು ಸೇದುತ್ತಿದ್ದ. ನಡೆದದ್ದನ್ನು ಅವಳು ನಿಂತೇ ಹೇಳಿದಳು, ಎಲ್ಲವನ್ನೂ, ತನ್ನನ್ನು ಉಳಿಸಿಕೊಳ್ಳದೆ. ದೂರು ಕೊಡುವುದಾದರೆ ಎಲ್ಲಿ ಕೊಡಬೇಕೆಂದೂ ಹೇಳಿದಳು.

ಅವನು ತನ್ನ ಕಾಲನ್ನು ನೋಡಿಕೊಂಡ. ಪ್ಯಾಂಟನ್ನು ಮೊಣಕಾಲಿಗೆ ಎಳೆದು, ಗಾಯದ ಗೆರೆಯ ಮೇಲೆ ಎರಡು ಸಲ ಗುದ್ದಿದ.

"ಅಂದ್ರೆ ಪುಡಿಗಿಡಿ ಏನೂ ಇಲ್ದೇನೇ ಕೂಡ್ತಾ ಇದು?"

"ಹೌದು."

"ಸಿಗರೇಟು ಸೇದ್ತಾ ಸೇದ್ತಾನೇ?"

"ಹೌದು. ಬಿಟ್ಟಿದ್ರೆ ಇನ್ನೂ ಬೇಗ ಕೂಡ್ತಿತ್ತು."

"ಅದು ಬಿಡಿ." ಅವನ ಮುಖದಲ್ಲಿ ಸರ್ಜನ್ನರ ಮುಖದಲ್ಲಿದ್ದದ್ದೇ ಅರಳುತ್ತಿತ್ತು, ಅದೇ ಎತ್ತಿದ ಗದ್ದ, ಅದೇ ಎದೆ. "ಹಾಗಾದ್ರೆ ಹೆಚ್ಚುಗಾರಿಕೆ ನನ್ನ ಮೂಳೆದೇ! ನಮ್ಮಪ್ಪನದೂ ಹಾಗೇ, ಕಬ್ಬಿಣ. ಆ ಡಾಕ್ಟರು ನನ್ನ ಕಾಲು ತೋರಿಸಿ ಎಲ್ಲಾ ಕಡೆ ಶಾಲು ಹೊದೆಸ್ಕೊಂಡ್ನಂತಲ್ಲ, ಕಳ್ಳ."

ದೂರಿನ ಮಾತನ್ನು ಅವನು ಎತ್ತಲೇ ಇಲ್ಲ. ಮೂರು ಮಹಡಿ ಹತ್ತಿ ವಾರ್ಡಿನವರಿಗೆಲ್ಲ ತನ್ನ ಮೂಳೆಯ ಮಹಿಮೆ ಹೇಳಲು ಅವಸರದಲ್ಲಿ ಹೊರಟ. ಸಂಜೆಯ ಹೊತ್ತಿಗೆ ಸುದ್ದಿ ಆಸ್ಪತ್ರೆಯ ಗೇಟಿನ ಕಾವಲುಗಾರನ ತನಕ ಮುಟ್ಟಿತ್ತು. ಸರ್ಜನ್ನರ ಲೇಖನ ಅಂಚೆಗೆ ಹೋಗಲಿಲ್ಲ. ಅವರು ಅವಳ ಜೊತೆ ಮಾತು ಬಿಟ್ಟರು. ಹಿಂದೆ ಆಡುತ್ತಿದ್ದದ್ದು ಮಾತೆಂದು ಹೇಗೂ ಅವಳು ಎಣಿಸಿರಲಿಲ್ಲ. ಆದರೆ ಇಡೀ ಕಥೆಯಲ್ಲಿ ಅವಳ ಕ್ಷಮೆಯ ಮಾತು ಕೇಳಿಸಿಕೊಳ್ಳುವಷ್ಟು ಹೊತ್ತು ನಿಂತವರು ಒಬ್ಬರೂ ಸಿಗಲಿಲ್ಲ.

ತಿಂಗಳ ಕೊನೆಯ ಗುರುವಾರ ಈಜು ಟೀಚರಿನ ಆಪರೇಷನ್. ನೋಡಲು ಯಾವ ಪ್ರತಿನಿಧಿಯೂ ಬಂದಿರಲಿಲ್ಲ. ಸರ್ಜನ್ ಸೊಂಟದ ಪಕ್ಕದಲ್ಲಿ ನಾಲ್ಕು ಬೆರಳಗಲ ಕೊಯ್ದು, ಮೂಳೆಯ ಅಂಚನ್ನು ಮುಚ್ಚಳದಂತೆ ಎಬ್ಬಿಸಿದರು. ಕೈ ಚಾಚಿದರು. ಅವಳು ಉಳಿ ಇಟ್ಟಳು. ಮತ್ತೆ ಚಾಚಿದರು. ಸುತ್ತಿಗೆ ಇಟ್ಟಳು. ಸಣ್ಣ ಸಣ್ಣ ಪೆಟ್ಟು. ಅವರು ಒಂದು ಮಾತೂ ಆಡಲಿಲ್ಲ, ಮತ್ತು ಬಾಯಿ ಮುಚ್ಚಿದ ಆ ಕೈಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದನ್ನು ನೋಡುತ್ತ ನಿಲ್ಲುವುದು ಅವಳಿಗೆ ಅಷ್ಟೇನೂ ಇಷ್ಟವಾಗಲಿಲ್ಲ.

ಚಮಚದಂಥ ಸಲಕರಣೆಯಲ್ಲಿ ಮೂಳೆಯ ಒಳಗಿನ ಮೆತ್ತನೆಯ ಭಾಗವನ್ನು ಕೆರೆದು ಕೆರೆದು ಅವಳು ಹಿಡಿದ ಬಟ್ಟಲಿಗೆ ಹಾಕಿದರು. ಕೆಂಪಗೆ, ತೇವವಾಗಿ, ಒದ್ದೆ ಮರಳಿನ ಹಿಡಿಯಂತೆ ಅದು ಸ್ವಲ್ಪ ಸ್ವಲ್ಪವೇ ಏರಿತು. ಇದು ಬದುಕಿದೆ, ಒಣಗಿದರೆ ಸಾಯುತ್ತದೆ, ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸರ್ಜನ್ ಕಾಲಿನ ಕಡೆ ತಿರುಗಿದರು. ಅಲ್ಲಿ ಜಾಗ ಸಿದ್ಧವಾಗಲು ಇನ್ನೂ ಅರ್ಧ ಗಂಟೆ ಬೇಕಿತ್ತು.

ಅವಳು ರೋಗಿಯದೇ ರಕ್ತದಲ್ಲಿ ಒಂದು ತುಂಡು ಬಟ್ಟೆಯನ್ನು ತೋಯಿಸಿ, ಬಟ್ಟಲಿನ ಮೇಲೆ ಮುಚ್ಚಿ, ಅಂಚುಗಳನ್ನು ಸುತ್ತಲೂ ಒತ್ತಿದಳು. ಆಮೇಲೆ ಬಟ್ಟಲನ್ನು ಮೇಜಿನ ಮೇಲಿಡದೆ ಎರಡೂ ಅಂಗೈಯಲ್ಲಿ ಹಿಡಿದು, ಅವರು ಕೇಳುವ ತನಕ ನಿಂತಳು.